ಸ್ಟೆಲ್ತ್ ಗೇಮ್‌ನಲ್ಲಿ ಮೋಷನ್ ಕಂಟ್ರೋಲ್: ಕೈ ಆಡಿಸಬೇಕೋ, ಕೈ ತಡೆಯಬೇಕೋ?

ತೋಟದ_ದಾರಿ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಗೊಡೋ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಒಂದು ಸಣ್ಣ ಮೊಬೈಲ್ ಸ್ಟೆಲ್ತ್ ಗೇಮ್, ಅಂದರೆ ಅಡಗಿ ಸಾಗುವ ಆಟ, ಕಟ್ಟುತ್ತಿದ್ದೇವೆ. ಕಥೆ ಇಷ್ಟೇ. ತಮ್ಮನಿಗೆ ಜ್ವರ ನೆತ್ತಿಗೇರಿದೆ, ಫೋನಿಗೆ ಸಿಗ್ನಲ್ ಇಲ್ಲ. ಕತ್ತಲಾದ ಮೇಲೆ ಅಕ್ಕ ಒಬ್ಬಳೇ ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಕಾಫಿ ತೋಟದ ಒಳದಾರಿ ಹಿಡಿದು ಮುಖ್ಯರಸ್ತೆಗೆ ಬರಬೇಕು. ತೋಟದೊಳಗೆ ಆನೆ ಇದೆ. ಕೋವಿ ಇಲ್ಲ, ಪಟಾಕಿ ಇಲ್ಲ, ಹೊಡೆದಾಟ ಇಲ್ಲವೇ ಇಲ್ಲ. ಆನೆಗೆ ಗೊತ್ತಾಗದ ಹಾಗೆ ದಾಟಬೇಕು, ಅಷ್ಟೇ ಆಟ.

ಈಗ ತಲೆಬಿಸಿ ಆಗಿರುವುದು ಕಂಟ್ರೋಲ್ ವಿಷಯದಲ್ಲಿ. ಪರದೆಯ ಮೇಲೆ ಎರಡು ಸುತ್ತು ಬಟನ್ ಇಟ್ಟು ಹೆಬ್ಬೆರಳಲ್ಲಿ ಆಡಿಸುವುದು ಸುಲಭ, ಎಲ್ಲರೂ ಮಾಡುವುದೂ ಅದನ್ನೇ. ನಮಗೆ ಮೋಷನ್ ಕಂಟ್ರೋಲ್, ಅಂದರೆ ಕೈಯ ಚಲನೆಯಿಂದಲೇ ಆಡಿಸುವುದು, ಬಳಸಿ ಫೋನನ್ನೇ ಹುಡುಗಿಯ ಕೈಯಾಗಿ ಮಾಡಬೇಕೆಂಬ ಆಸೆ. ಫೋನ್ ತಿರುಗಿಸಿದತ್ತ ಅವಳ ಟಾರ್ಚ್ ತಿರುಗಬೇಕು. ಫೋನ್ ಝಾಡಿಸಿದರೆ ಅವಳು ಕಲ್ಲೆಸೆದು ಆನೆಯ ಗಮನ ಬೇರೆ ಕಡೆ ಸೆಳೆಯಬೇಕು. ಆನೆ ಹತ್ತಿರ ಬಂದಾಗ ಆಡುವವರು ಫೋನನ್ನು ಅಲುಗಿಸದೆ ಹಿಡಿದಿರಬೇಕು, ಕೈ ನಡುಗಿದರೆ ಅವಳ ಕಾಲಡಿಯ ಎಲೆ ಸದ್ದು ಮಾಡಬೇಕು.

ನನ್ನ ಮನಸ್ಸು ಈ ಮೂರನೆಯದರ ಕಡೆಗೇ ಎಳೆಯುತ್ತಿದೆ. ಮೋಷನ್ ಕಂಟ್ರೋಲ್ ಅಂದ ಕೂಡಲೇ ಕೈ ಬೀಸುವುದು, ಕತ್ತಿ ತಿರುಗಿಸುವುದು, ಬ್ಯಾಟ್ ಹೊಡೆಯುವುದು ಅಂತಲೇ ಎಲ್ಲರೂ ಯೋಚಿಸುತ್ತಾರೆ. ಅಡಗುವ ಆಟಕ್ಕೆ ಬೇಕಾದದ್ದು ಅದಕ್ಕೆ ಪೂರ್ತಿ ಉಲ್ಟಾ ಅಲ್ಲವೇ? ಆಡಿ ನೋಡಿದವರು, ಇಂಥದ್ದನ್ನು ಮಾಡಿ ನೋಡಿದವರು ದಯವಿಟ್ಟು ಹೇಳಿ.

---

ಗೋಣಿಕೊಪ್ಪ_ಗೇಮರ್

ಕಥೆ ತುಂಬಾ ಚೆನ್ನಾಗಿದೆ ಮಾರಾಯ. ಆದರೆ ಮೋಷನ್ ಬೇಡ. ಕೇಳಿದ್ದಕ್ಕೆ ಬಿಡಿಸಿ ಹೇಳುತ್ತೇನೆ.

2006ರಲ್ಲಿ ನಿಂಟೆಂಡೋದ ವೀ ಕನ್ಸೋಲ್ ಬಂದಾಗ ಎಲ್ಲರಿಗೂ ಇದೇ ಹುಚ್ಚು ಹಿಡಿದಿತ್ತು. ಅದೇ ವರ್ಷ ಸ್ಪ್ಲಿಂಟರ್ ಸೆಲ್ ಡಬಲ್ ಏಜೆಂಟ್ ಎಂಬ ಸ್ಟೆಲ್ತ್ ಗೇಮ್ ಕೂಡ ವೀಗೆ ಬಂತು. ಬೇರೆ ಕನ್ಸೋಲ್‌ನಲ್ಲಿ ಆಡಿದವರಿಗೆ ಅದನ್ನು ಆಡುವುದು ಹಿಂಸೆ. 2007ರಲ್ಲಿ ಮ್ಯಾನ್‌ಹಂಟ್ 2 ಬಂತು. ಅದರಲ್ಲಿ ಕತ್ತಲಲ್ಲಿ ಉಸಿರು ಬಿಗಿಹಿಡಿದು ಒಬ್ಬನ ಹಿಂದೆ ನಿಮಿಷಗಟ್ಟಲೆ ಹೋಗಿ, ಕೊನೆಗೆ ಸೋಫಾ ಮೇಲೆ ಕೂತು ಎರಡೂ ಕೈ ಗಾಳಿಯಲ್ಲಿ ಬೀಸಬೇಕು. ಅಲ್ಲಿಯವರೆಗೆ ಕಟ್ಟಿದ್ದ ಬಿಗು ಅಲ್ಲೇ ಸತ್ತುಹೋಗುತ್ತದೆ. 2008ರ ಟೆಂಚು ಶಾಡೋ ಅಸ್ಯಾಸಿನ್ಸ್‌ನಲ್ಲೂ ಹಾಗೇ. ಅಡಗಿ ಸಾಗುವ ಭಾಗ ಚೆಂದ, ಸಿಕ್ಕಿಬಿದ್ದು ಕತ್ತಿ ಎತ್ತಿದ ಕೂಡಲೇ ರಿಮೋಟಿಗೂ ನನಗೂ ಜಗಳ.

ಜಗಳಕ್ಕೆ ಕಾರಣವೂ ಇದೆ. ಮೊದಲ ವೀ ರಿಮೋಟ್‌ನಲ್ಲಿ ತಿರುಗಿಸಿದ್ದನ್ನು ಅಳೆಯುವ ಜೈರೋಸ್ಕೋಪೇ (ಜೈರೋ) ಇರಲಿಲ್ಲ. ಅಲುಗಾಟ ಅಳೆಯುವ ಆ್ಯಕ್ಸೆಲರೋಮೀಟರ್ ಮತ್ತು ಪರದೆಯತ್ತ ಗುರಿ ಹಿಡಿಯುವ ಇನ್‌ಫ್ರಾರೆಡ್ ಕ್ಯಾಮೆರಾ ಮಾತ್ರ. ಕೈ ಬೀಸಿದ್ದು ಗೊತ್ತಾಗುತ್ತದೆ, ಯಾವ ಕಡೆಗೆ ಎಷ್ಟು ತಿರುಗಿಸಿದೆ ಎಂಬುದನ್ನು ಅದು ಅಂದಾಜು ಮಾಡಬೇಕು. ಜೈರೋ ಸೇರಿಸುವ ಮೋಷನ್‌ಪ್ಲಸ್ ಬಂದದ್ದು 2009ರಲ್ಲಿ. ಆಮೇಲೆ 2010ರಲ್ಲಿ ಎಕ್ಸ್‌ಬಾಕ್ಸ್‌ಗೆ ಕಿನೆಕ್ಟ್, ಇಡೀ ಮೈಯ ಚಲನೆ ನೋಡುವ ಕ್ಯಾಮೆರಾ. ಅದರ ಮುಂದೆ ಒಬ್ಬರು ಆಡಬೇಕಾದರೂ 1.8 ಮೀಟರ್ ದೂರ ನಿಲ್ಲಬೇಕು. ನಮ್ಮ ಹಾಲ್‌ನಲ್ಲಿ ಸೋಫಾ ಹೊರಗಿಟ್ಟರೆ ಮಾತ್ರ ಅಷ್ಟು ಜಾಗ.

ನಾನು ಇದುವರೆಗೆ ಕಂಡ ಅತ್ಯುತ್ತಮ ಕೈಹಿಡಿತ ಅಂದರೆ 2004ರ ಮೆಟಲ್ ಗೇರ್ ಸಾಲಿಡ್ 3. ಪಿಎಸ್2ರ (ಪ್ಲೇಸ್ಟೇಷನ್ 2) ಬಟನ್‌ಗಳು ಎಷ್ಟು ಜೋರಾಗಿ ಒತ್ತಿದ್ದೀರಿ ಅಂತ ಅಳೆಯುತ್ತಿದ್ದವು. ಶತ್ರುವನ್ನು ಹಿಂದಿನಿಂದ ಹಿಡಿದುಕೊಂಡು ಬಟನ್ ಮೆಲ್ಲಗೆ ಒತ್ತಿ ಇಟ್ಟರೆ ಅವನು ಕೈಯಲ್ಲಿ ಬಂದಿ. ಗಾಬರಿಯಲ್ಲಿ ಜೋರಾಗಿ ಒತ್ತಿದರೆ ಕುತ್ತಿಗೆ ಹೋಯಿತು. ಕೈ ಬೀಸದೆಯೇ ಬೆರಳ ತುದಿಯಲ್ಲಿ ಭಯ ತಂದ ಆಟ ಅದು. ಪಿಎಸ್4ರ ಕಂಟ್ರೋಲರ್ ಬರುವಾಗ ಆ ಸೌಲಭ್ಯ ತೆಗೆದುಹಾಕಿದ್ದು ನನಗೆ ಇವತ್ತಿಗೂ ಬೇಸರ.

ಬಟನ್ ಆಡುತ್ತಾ ಆಡುತ್ತಾ ಮರೆತುಹೋಗುತ್ತದೆ. ಮೋಷನ್ ಮಾತ್ರ ಪ್ರತಿ ಸಲ "ನೀನು ಆಟ ಆಡುತ್ತಿದ್ದೀಯ" ಅಂತ ನೆನಪಿಸುತ್ತದೆ. ಮುಳುಗಿ ಆಡಬೇಕಾದರೆ ಕೈ ಮರೆಯಬೇಕು.

---

ಹಾರಂಗಿ_ದಡ (ಕುಶಾಲನಗರ)

@ಗೋಣಿಕೊಪ್ಪ_ಗೇಮರ್ ಅಣ್ಣ, ನೀವು ಹೇಳಿದ ಗೇಮ್‌ಗಳ ಬಗ್ಗೆ ತಕರಾರಿಲ್ಲ. ಆದರೆ ಅವೆಲ್ಲ ಕೈ ಬೀಸಿಸಿದ ಗೇಮ್‌ಗಳು. ತೋಟದ_ದಾರಿ ಕೇಳಿದ್ದು ಕೈ ತಡೆಯುವುದರ ಬಗ್ಗೆ. ಅದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ, 2015ರಲ್ಲಿ ಪಿಎಸ್4ಗೆ ಬಂದ ಅಂಟಿಲ್ ಡಾನ್.

ಅದು ಸ್ಟೆಲ್ತ್ ಗೇಮ್ ಅಲ್ಲ, ಹಾರರ್. ಆದರೆ ಅದರಲ್ಲಿ ಅಡಗಿ ಕೂರುವ ಕ್ಷಣಗಳು ಬರುತ್ತವೆ. ಪರದೆಯ ಮೇಲೆ "ಅಲುಗಬೇಡ" ಅಂತ ಬರುತ್ತದೆ, ಜೊತೆಗೆ ಕಂಟ್ರೋಲರ್‌ನ ಬೆಳಕಿನ ಪಟ್ಟಿಯ ಗುರುತು. ಕಂಟ್ರೋಲರ್ ಅಲುಗಿದರೆ ಆ ಗುರುತು ಗೆರೆ ದಾಟುತ್ತದೆ. ದಾಟಿತೋ, ನಿಮ್ಮ ಪಾತ್ರ ಸತ್ತೇಹೋಗಬಹುದು. ಆ ಗೇಮ್‌ನಲ್ಲಿ ಸತ್ತವರು ವಾಪಸ್ ಬರುವುದಿಲ್ಲ, ಕಥೆ ಅವರಿಲ್ಲದೆ ಮುಂದೆ ಸಾಗುತ್ತದೆ.

ಅದನ್ನು ಆಡುವಾಗ ನನ್ನ ಕೈಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಮೊದಲು ಮೊಣಕೈ ಎರಡನ್ನೂ ತೊಡೆಗೆ ಊರುತ್ತೇನೆ. ಆಗ ಕೈ ನಿಲ್ಲುತ್ತದೆ, ಆದರೆ ಉಸಿರಾಡಿದಾಗ ಭುಜ ಏಳುತ್ತದೆ, ಭುಜದ ಜೊತೆ ಮೊಣಕೈ, ಅದರ ಜೊತೆ ಕಂಟ್ರೋಲರ್. ಹಾಗಾಗಿ ಉಸಿರನ್ನೇ ಹಿಡಿಯುತ್ತೇನೆ. ಉಸಿರು ಹಿಡಿದರೆ ಹೆಬ್ಬೆರಳಿನ ಬುಡದಲ್ಲಿ ನಾಡಿ ಬಡಿಯುವುದು ಗೊತ್ತಾಗುತ್ತದೆ. ಹಿಡಿತ ಬಿಗಿಯಾದಷ್ಟೂ ನಡುಕ ಜಾಸ್ತಿ, ಸಡಿಲ ಬಿಟ್ಟರೆ ಕಡಿಮೆ. ಅಂದರೆ ಹೆದರಿದರೆ ಸಿಕ್ಕಿಬೀಳುತ್ತೀರಿ. ಪರದೆಯ ಮೇಲಿನ ಹುಡುಗಿಯ ಸ್ಥಿತಿಯೂ ಅದೇ ಅಲ್ಲವೇ? ಅವಳು ಮಾಡಬೇಕಾದ್ದನ್ನೇ ನನ್ನ ಮೈ ಮಾಡುತ್ತಿದೆ, ನಡುವೆ ಅನುವಾದವೇ ಇಲ್ಲ. "X ಒತ್ತಿ ಉಸಿರು ಹಿಡಿಯಿರಿ" ಅನ್ನುವ ಗೇಮ್‌ಗಳು ಬೇಕಾದಷ್ಟಿವೆ. ನನಗೆ ಇಷ್ಟು ಹತ್ತಿರ ಬಂದದ್ದು ಇದೊಂದೇ.

ನೀವು ಕೈ ಮರೆಯಬೇಕು ಅಂದಿರಿ. ಅಡಗಿ ಕೂತವರಿಗೆ ಕೈಕಾಲು ಮರೆಯುತ್ತದೆಯೇ? ಆಗಲೇ ಅಲ್ಲವೇ ಮೈಯ ಒಂದೊಂದು ಕೀಲೂ ನೆನಪಾಗುವುದು.

---

ಸೋಮವಾರಪೇಟೆ_ಹುಡುಗ

ಅಂಟಿಲ್ ಡಾನ್‌ನಲ್ಲಿ ಆ ಜಾಗ ಬಂದಾಗ ಕಂಟ್ರೋಲರ್ ಟೇಬಲ್ ಮೇಲಿಟ್ಟು ಪಾರಾಗುವವರು ತುಂಬಾ ಜನ ಇದ್ದಾರೆ ಅಕ್ಕ. ನನ್ನ ಹಾಸ್ಟೆಲ್ ರೂಮ್‌ಮೇಟ್ ಯಾವಾಗಲೂ ಹಾಗೇ ಮಾಡುತ್ತಾನೆ. ಫೋನನ್ನೂ ಹಾಗೇ ಮಂಚದ ಮೇಲಿಟ್ಟರೆ ಏನು ಮಾಡುತ್ತೀರಿ?

---

ಮಂಜಿನೂರು (ಮಡಿಕೇರಿ)

ವಿಆರ್ (ಕಣ್ಣಿಗೆ ಹೆಡ್‌ಸೆಟ್ ಹಾಕಿ ಆಡುವ ವರ್ಚುವಲ್ ರಿಯಾಲಿಟಿ) ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಯಾಕೆಂದರೆ ಈ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಿದಷ್ಟು ಬೇರೆಲ್ಲೂ ಹುಡುಕಿಲ್ಲ.

2020ರ ಹಾಫ್-ಲೈಫ್ ಅಲಿಕ್ಸ್‌ನಲ್ಲಿ ಒಂದು ಅಧ್ಯಾಯ ಇದೆ. ಹಳೆಯ ಮದ್ಯದ ಕಾರ್ಖಾನೆ, ಒಳಗೆ ಕಣ್ಣು ಕಾಣದ ಒಂದು ಪ್ರಾಣಿ. ಜೆಫ್ ಅಂತ ಅದಕ್ಕೆ ಹೆಸರು. ಕಾಣದಿದ್ದರೂ ಕಿವಿ ಚುರುಕು, ಗುಂಡು ಹೊಡೆದು ಕೊಲ್ಲಲಂತೂ ಆಗುವುದಿಲ್ಲ. ಸುತ್ತಲೂ ಗಾಜಿನ ಬಾಟಲಿಗಳು. ಕಪಾಟು ತೆರೆದರೆ ಬಾಟಲಿ ಉರುಳುತ್ತದೆ, ನೆಲಕ್ಕೆ ಬೀಳುವ ಮೊದಲು ನಿಮ್ಮ ಕೈಯಲ್ಲೇ ಹಿಡಿಯಬೇಕು. ಜೊತೆಗೆ ಅಲ್ಲಿನ ಗಾಳಿಯಲ್ಲಿ ಒಂದು ಬಗೆಯ ಪುಡಿ ತುಂಬಿದೆ, ಹತ್ತಿರ ಹೋದರೆ ನಿಮ್ಮ ಪಾತ್ರಕ್ಕೆ ಕೆಮ್ಮು ಬರುತ್ತದೆ. ಕೆಮ್ಮಿದರೆ ಜೆಫ್ ನಿಮ್ಮ ಮೇಲೇ. ತಡೆಯಲು ಮುಖ್ಯ ದಾರಿ, ನಿಮ್ಮ ನಿಜವಾದ ಕೈಯನ್ನು ನಿಮ್ಮ ನಿಜವಾದ ಬಾಯಿಯ ಹತ್ತಿರ ತಂದು ಹಿಡಿಯುವುದು. ಹಾಗೆ ಹಿಡಿದ ಕೂಡಲೇ ಉಳಿದದ್ದು ಒಂದೇ ಕೈ. ಅದೇ ಕೈಯಲ್ಲಿ ಬಾಗಿಲು ತೆಗೆಯಬೇಕು, ಬಾಟಲಿ ಹಿಡಿಯಬೇಕು, ಚಕ್ರ ತಿರುಗಿಸಬೇಕು.

ಈ ಗೇಮ್ ನಿಮ್ಮಿಂದ ಏನು ಕೇಳುತ್ತದೆ ನೋಡಿ. ದೊಡ್ಡ ಚಲನೆ ಒಂದೂ ಇಲ್ಲ. ಬಾಯಿಗೆ ಕೈ ಇಡುವುದು ಹೆದರಿದ ಮನುಷ್ಯ ತಾನಾಗಿಯೇ ಮಾಡುವ ಕೆಲಸ, ಕಲಿಸಬೇಕಾಗಿಲ್ಲ. ಆ ಚಲನೆಗೆ ಒಂದು ಬೆಲೆಯೂ ಇದೆ, ಒಂದು ಕೈ ಕಳೆದುಕೊಳ್ಳುತ್ತೀರಿ. ಈ ಎರಡೂ ಒಟ್ಟಿಗೆ ಸೇರಿದರೇ ಮೋಷನ್ ಕೆಲಸ ಮಾಡುವುದು ಅಂತ ನನ್ನ ನಂಬಿಕೆ. ಬೆಲೆ ಇಲ್ಲದ ಚಲನೆ ಬರೀ ಕಸರತ್ತು. ತೋಟದ_ದಾರಿ, ಈ ಲೆಕ್ಕದಲ್ಲಿ ನಿಮ್ಮ ಕಲ್ಲೆಸೆತ ನನಗೆ ಹಿಡಿಸಲಿಲ್ಲ. ಫೋನ್ ಝಾಡಿಸಿದರೆ ಪರದೆಯೇ ಕಾಣುವುದಿಲ್ಲ, ಕೈ ಜಾರಿದರೆ ಫೋನೂ ಹೋಯಿತು.

ಅದೇ ವರ್ಷ ಬಂದ ಫ್ಯಾಂಟಮ್ ಕೋವರ್ಟ್ ಆಪ್ಸ್ ಕೂಡ ನೋಡಿ. ಇಡೀ ಸ್ಟೆಲ್ತ್ ಗೇಮ್ ಒಂದು ಕಯಾಕ್‌ನಲ್ಲಿ ಕೂತೇ ಆಡುವುದು. ಎರಡು ಕೈಯಲ್ಲಿ ಹುಟ್ಟು ಹಾಕಿ ಜೊಂಡಿನ ಮರೆಯಲ್ಲಿ ಸಾಗಬೇಕು. ಬಂದೂಕು ಎತ್ತಬೇಕೆಂದರೆ ಹುಟ್ಟು ಬಿಡಬೇಕು. ಆಡುವವರು ಹೇಗೂ ಕುರ್ಚಿಯಲ್ಲಿ ಕೂತಿರುತ್ತಾರೆ, ಪಾತ್ರವೂ ದೋಣಿಯಲ್ಲಿ ಕೂತಿದೆ. ವಿಆರ್‌ನಲ್ಲಿ ಕಣ್ಣು ನಡೆಯುತ್ತಿದೆ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ, ಆ ಗೊಂದಲಕ್ಕೇ ತಲೆಸುತ್ತು ಬರುವುದು. ಕೂತವರನ್ನು ಕೂತವರನ್ನಾಗಿಯೇ ಇಟ್ಟದ್ದು ಜಾಣತನ.

ಇನ್ನೊಂದು, ಏಲಿಯನ್ ಐಸೊಲೇಷನ್, 2014. ಪಿಎಸ್4 ಕ್ಯಾಮೆರಾ ಅಥವಾ ಕಿನೆಕ್ಟ್ ಇದ್ದರೆ ತಲೆ ವಾಲಿಸಿ ಗೋಡೆ ಮರೆಯಿಂದ ಇಣುಕಬಹುದು. ಮೈಕ್ ಆನ್ ಮಾಡಿದರೆ ನಿಮ್ಮ ಕೋಣೆಯ ಸದ್ದನ್ನೂ ಏಲಿಯನ್ ಕೇಳಿಸಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದ್ದಕ್ಕೆ ಏಲಿಯನ್ ಓಡಿ ಬಂದದ್ದುಂಟು. ಅಷ್ಟರ ಮೇಲೆ ನಾನು ಆ ಗೇಮ್ ಆಡುವಾಗ ಮನೆಯವರೆಲ್ಲ ಪಿಸುಗುಟ್ಟುತ್ತಿದ್ದರು, ಆಡದವರೂ ಆಟದೊಳಗೆ ಬಂದಿದ್ದರು.

---

ತೋಟದ_ದಾರಿ

ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

@ಮಂಜಿನೂರು ಕಲ್ಲೆಸೆತದ ಮಾತು ಸರಿ. ಕಲ್ಲು ಬೇಕಾದರೆ ಪರದೆ ಮೇಲೆ ಬೆರಳೆಳೆದು ಎಸೆಯುವಂತೆ ಮಾಡುತ್ತೇವೆ.

@ಸೋಮವಾರಪೇಟೆ_ಹುಡುಗ ಟೇಬಲ್ ವಿಷಯ. ಇದು ನಮಗೆ ಸೆನ್ಸರ್‌ನಲ್ಲೇ ಗೊತ್ತಾಗುತ್ತದೆ. ಫೋನ್ ಅಲುಗದೆ ಇದ್ದಾಗಲೂ ಆ್ಯಕ್ಸೆಲರೋಮೀಟರ್ ಗುರುತ್ವವನ್ನು ತೋರಿಸುತ್ತಲೇ ಇರುತ್ತದೆ, ಸೆಕೆಂಡಿನ ವರ್ಗಕ್ಕೆ ಸುಮಾರು 9.8 ಮೀಟರ್. ಅದನ್ನು ಕಳೆದರೆ ಉಳಿಯುವುದು ಕೈಯ ಅಲುಗಾಟ. ಯಾರೇ ಆಗಲಿ, ಎಷ್ಟೇ ಗಟ್ಟಿ ಹಿಡಿದರೂ, ಮನುಷ್ಯನ ಕೈ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅದು ಸಹಜ ನಡುಕ, ಕಣ್ಣಿಗೆ ಕಾಣುವುದೂ ಇಲ್ಲ. ಟೇಬಲ್ ಮೇಲಿಟ್ಟ ಫೋನಿನಲ್ಲಿ ಆ ಗೆರೆ ಹೆಚ್ಚುಕಡಿಮೆ ಚಪ್ಪಟೆ. ಚಪ್ಪಟೆ ಕಂಡರೆ ಫೋನ್ ಕೈಯಲ್ಲಿಲ್ಲ ಅಂತ ಅರ್ಥ. ಆಗ ಹುಡುಗಿಯ ಕೈಯಿಂದ ಟಾರ್ಚ್ ಜಾರಿ ಬೀಳುವಂತೆ ಮಾಡಿದ್ದೇವೆ!

ಟಾರ್ಚ್ ತಿರುಗಿಸುವುದಕ್ಕೆ ಜೈರೋ ಬಳಸುತ್ತಿದ್ದೇವೆ. ಆದರೆ ಜೈರೋ ಸ್ವಲ್ಪ ಹೊತ್ತಿನಲ್ಲಿ ದಾರಿ ತಪ್ಪುತ್ತದೆ. ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಗಿ ನೇರ ಹಿಡಿದಿದ್ದರೂ ಬೆಳಕು ಬಲಕ್ಕೆ ಸರಿಯುತ್ತದೆ. ಮೇಲೆ ಕೆಳಗೆ ವಾಲಿದ್ದನ್ನು ಗುರುತ್ವ ನೋಡಿ ಸರಿಮಾಡಬಹುದು, ಎಡಬಲಕ್ಕೆ ಗುರುತ್ವದಿಂದ ಏನೂ ಸಿಗುವುದಿಲ್ಲ. ದಿಕ್ಸೂಚಿ ಸೆನ್ಸರ್ ಬಳಸಿದರೆ ಹತ್ತಿರದಲ್ಲಿ ಕಬ್ಬಿಣ ಇದ್ದಾಗ ಹಾರಾಡುತ್ತದೆ. ಇದಕ್ಕೆ ಏನು ಮಾಡುವುದು ಅಂತ ಇನ್ನೂ ಗೊತ್ತಾಗಿಲ್ಲ.

---

ಹಾರಂಗಿ_ದಡ

ಎಡಬಲಕ್ಕೆ ಬೆರಳು, ಸಣ್ಣ ತಿದ್ದುಪಡಿಗೆ ಮಾತ್ರ ಜೈರೋ ಇಡಿ. ನಿಂಟೆಂಡೋ ಸ್ವಿಚ್‌ನ ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಬಿಲ್ಲು ಎತ್ತಿದಾಗ ಹಾಗೇ ಇದೆ. ದೊಡ್ಡ ತಿರುವು ಸ್ಟಿಕ್‌ನಲ್ಲಿ, ಕೊನೆಯ ಕೂದಲೆಳೆ ಗುರಿ ಕೈ ವಾಲಿಸಿ. ಬಿಲ್ಲು ಎತ್ತಿದಾಗ ಮಾತ್ರ ಜೈರೋ ಎಚ್ಚರವಾಗುವುದರಿಂದ ದಾರಿ ತಪ್ಪುವಷ್ಟು ಹೊತ್ತೇ ಸಿಗುವುದಿಲ್ಲ ಅದಕ್ಕೆ.

---

ಲಕ್ಷ್ಮಣತೀರ್ಥ (ದಕ್ಷಿಣ ಕೊಡಗು)

ಗೇಮ್ ವಿಷಯ ನನಗೆ ಅಷ್ಟಾಗಿ ತಿಳಿಯದು. ಮಗಳು ಈ ಚರ್ಚೆ ತೋರಿಸಿದಳು, ಆನೆಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ತೋಟದಲ್ಲೇ ಬದುಕು ಸವೆಸಿದವನು.

ತಮ್ಮಾ, ನೀನು ಬರೆದದ್ದರಲ್ಲಿ ಟಾರ್ಚ್, ಸದ್ದು ಇವೆರಡೇ ಇವೆ. ಆನೆಗೆ ಕಣ್ಣು ಮಂದ. ಅದು ನಿನ್ನನ್ನು ಮೊದಲು ಕಂಡುಹಿಡಿಯುವುದು ಮೂಗಿನಿಂದ. ಸೊಂಡಿಲು ಎತ್ತಿ ಗಾಳಿ ಹಿಡಿಯಿತು ಅಂದರೆ ನೀನು ಎಷ್ಟು ಮೆತ್ತಗೆ ನಡೆದರೂ ಅಷ್ಟೇ. ಹಾಗಾಗಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದು ನಿನ್ನ ಆಟದಲ್ಲಿ ಇರಲೇಬೇಕು. ನಮ್ಮದು ಇಳಿಜಾರಿನ ಊರು. ಹಗಲಲ್ಲಿ ಬಿಸಿಲಿಗೆ ಗಾಳಿ ಗದ್ದೆಯಿಂದ ಬಾಣೆಯ (ಗದ್ದೆಯ ಮೇಲಿನ ಎತ್ತರದ ಜಾಗ) ಕಡೆಗೆ ಏರುತ್ತದೆ. ಸಂಜೆ ತಣ್ಣಗಾದ ಮೇಲೆ ಗುಡ್ಡದಿಂದ ಕೆಳಕ್ಕೆ ಜಾರುತ್ತದೆ. ನಿನ್ನ ಹುಡುಗಿ ಕತ್ತಲಲ್ಲಿ ಆನೆಗಿಂತ ಮೇಲಿನ ದಾರಿ ಹಿಡಿದರೆ ಅವಳ ವಾಸನೆ ನೇರ ಆನೆಯ ಮೂಗಿಗೆ. ಕೆಳಗಿನ ದಾರಿ ಹಿಡಿದರೆ ಬಚಾವು, ಆದರೆ ಕೆಳಗೆ ಗದ್ದೆಯ ಬಯಲು, ಮರೆ ಇಲ್ಲ.

ಎಲೆಯ ಸದ್ದು ಬರೆದಿದ್ದೀಯ, ಒಳ್ಳೆಯದು. ಆದರೆ ಅದೂ ಕಾಲಕ್ಕೆ ತಕ್ಕಂತೆ. ಫೆಬ್ರವರಿಯಲ್ಲಿ ಸಿಲ್ವರ್ ಓಕ್ ಎಲೆ ಒಣಗಿ ಬಿದ್ದಿರುತ್ತದೆ, ಒಂದು ಹೆಜ್ಜೆ ಇಟ್ಟರೆ ಇಡೀ ತೋಟಕ್ಕೆ ಕೇಳುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಬಿದ್ದರೆ ಅದೇ ಎಲೆ ಮೆತ್ತಗೆ, ಸದ್ದೇ ಇಲ್ಲ. ಜುಲೈ ಮಳೆಯಲ್ಲಿ ನಿನ್ನ ಹೆಜ್ಜೆ ಆನೆಗೆ ಕೇಳುವುದಿಲ್ಲ, ಹಾಗೆಯೇ ಆನೆಯೂ ನಿನಗೆ ಕೇಳುವುದಿಲ್ಲ. ನಮಗೆ ಅತಿ ಹೆದರಿಕೆ ಆ ಕಾಲವೇ. ಹಲಸು ಹಣ್ಣಾಗುವ ಸಮಯ ಬೇರೆ, ಮರದ ಬುಡದಲ್ಲೇ ನಿಂತಿರುತ್ತದೆ. ಮಳೆ ಸದ್ದಿನಲ್ಲಿ ತಿರುವು ದಾಟಿದರೆ ಎದುರಿಗೇ.

ಬೇಸಿಗೆಯಲ್ಲಾದರೆ ಆನೆ ತಾನಾಗಿಯೇ ಗುರುತು ಕೊಡುತ್ತದೆ. ಕೊಂಬೆ ಮುರಿಯುವ ಸದ್ದು, ಕಿವಿ ಬಡಿಯುವ ಸದ್ದು, ಹೊಟ್ಟೆಯೊಳಗಿಂದ ಬಂದ ಹಾಗೆ ಗುಡುಗುಡು. ಇವೆಲ್ಲ ಕೇಳುತ್ತಿರುವವರೆಗೆ ಅದು ತನ್ನ ಪಾಡಿಗೆ ಮೇಯುತ್ತಿದೆ ಅಂತ ತಿಳಿ. ಒಮ್ಮೆಲೇ ಎಲ್ಲ ನಿಂತರೆ, ಅದು ನಿನಗಾಗಿ ಕಿವಿ ಕೊಟ್ಟಿದೆ. ಆಗ ನೀನೂ ಅಲುಗಬಾರದು. ನೀನು ಫೋನ್ ಅಲುಗಿಸದೆ ಹಿಡಿಯಬೇಕು ಅಂತ ಬರೆದದ್ದು ಈ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಓಡಿದರಂತೂ ಹೆಜ್ಜೆಯ ಅದುರು ನೆಲದಲ್ಲೇ ಅದರ ಪಾದಕ್ಕೆ ತಿಳಿದರೂ ತಿಳಿಯಬಹುದು.

ಟಾರ್ಚ್ ಬೆಳಕು ಆನೆಯ ಮುಖಕ್ಕೆ ಬಿಟ್ಟರೆ ಕೆರಳುತ್ತದೆ. ದಾರಿ ನೋಡಲು ಬೆಳಕು ಕಾಲಬುಡಕ್ಕೆ ಹಿಡಿಯಬೇಕು.

ಒಂದು ಬೇಡಿಕೆ ಇದೆ. ಆನೆಯನ್ನು ರಾಕ್ಷಸನ ಹಾಗೆ ತೋರಿಸಬೇಡಿ. ಅದು ಕಾಫಿ ಹಣ್ಣು ತಿನ್ನಲೋ ನೀರಿಗೋ ಬಂದಿರುತ್ತದೆ. ನಮ್ಮವರಲ್ಲಿ ಎಷ್ಟೋ ಮಂದಿ ಅದರ ಕಾಲಿಗೆ ಸಿಕ್ಕಿ ಸತ್ತಿದ್ದಾರೆ, ಆ ಮನೆಯವರೂ ನಿಮ್ಮ ಆಟ ನೋಡಬಹುದು. ಆಟದ ಮೊದಲಿಗೆ ಒಂದು ಮಾತು ಹಾಕಿ: ನಿಜವಾಗಿ ಆನೆ ಇದೆ ಅಂತ ಗೊತ್ತಾದರೆ ಮನೆಯಿಂದ ಹೊರಡಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ, ಅವರು ಬರುವವರೆಗೆ ಕಾಯಿರಿ.

---

ಗೋಣಿಕೊಪ್ಪ_ಗೇಮರ್

ಅಂಕಲ್, ನೀವು ಬರೆದದ್ದು ಓದಿ ರೋಮಾಂಚನವಾಯಿತು. ಗಾಳಿಯ ದಿಕ್ಕನ್ನು ಆಟದ ಜೀವಾಳ ಮಾಡಿದ ಸ್ಟೆಲ್ತ್ ಗೇಮ್ ನಾನು ಆಡಿಲ್ಲ.

ಮಳೆಯ ಮಾತಿಗೆ ಒಂದು ಸೇರಿಸುತ್ತೇನೆ. 2005ರ ಸ್ಪ್ಲಿಂಟರ್ ಸೆಲ್ ಕೇಯಾಸ್ ಥಿಯರಿಯಲ್ಲಿ ಸದ್ದಿನ ಪಟ್ಟಿ ಒಂದಿತ್ತು. ನಿಮ್ಮ ಸದ್ದು ಎಷ್ಟು, ಸುತ್ತಲಿನ ಸದ್ದು ಎಷ್ಟು, ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತಿತ್ತು. ಸುತ್ತಲಿನ ಗದ್ದಲಕ್ಕಿಂತ ನಿಮ್ಮ ಸದ್ದು ಕಡಿಮೆ ಇದ್ದರೆ ಯಾರಿಗೂ ಕೇಳದು. ಮೋಷನ್‌ಗೂ ಅದೇ ಲೆಕ್ಕ ಹಾಕಿ. ಜೋರು ಮಳೆಯಲ್ಲಿ ಕೈ ಸ್ವಲ್ಪ ಅಲುಗಿದರೂ ನಡೆಯಲಿ, ಮಳೆ ನಿಂತ ಕೂಡಲೇ ಲೆಕ್ಕ ಬಿಗಿಯಾಗಲಿ. ಪಟ್ಟಿಗಿಟ್ಟಿ ಪರದೆ ಮೇಲೆ ಹಾಕಬೇಡಿ, ಮಳೆಯ ಸದ್ದೇ ಪಟ್ಟಿ.

ಮೋಷನ್ ಬೇಡ ಅನ್ನುವ ಮಾತಿಗೆ ನಾನು ಈಗಲೂ ಬದ್ಧ, ಕನಿಷ್ಠ ಟಾರ್ಚ್ ವಿಷಯದಲ್ಲಿ. ನಮ್ಮ ಕಡೆ ಎಷ್ಟೋ ಜನರ ಕೈಯಲ್ಲಿರುವ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಜೈರೋ ಇರುವುದೇ ಇಲ್ಲ, ಆ್ಯಕ್ಸೆಲರೋಮೀಟರ್ ಮಾತ್ರ. ಎಕ್ಸ್‌ಬಾಕ್ಸ್‌ನವರು ಒನ್‌ನಲ್ಲೂ ಸೀರೀಸ್‌ನಲ್ಲೂ ಕಂಟ್ರೋಲರ್‌ಗೆ ಜೈರೋ ಹಾಕಲಿಲ್ಲ. ಹಾಗಾಗಿಯೇ ಎಲ್ಲ ಕನ್ಸೋಲ್‌ಗೂ ಗೇಮ್ ಮಾಡುವವರು ಜೈರೋವನ್ನು ನೆಚ್ಚಿಕೊಳ್ಳಲು ಹಿಂಜರಿಯುತ್ತಾರೆ. ನೀವೂ ನೆಚ್ಚಿಕೊಂಡರೆ ನಿಮ್ಮ ಕಥೆಯಲ್ಲಿರುವ ಲೈನ್‌ಮನೆಯ ಮಕ್ಕಳಿಗೇ ಆಡಲು ಆಗುವುದಿಲ್ಲ.

---

ಪುಷ್ಪಗಿರಿ_ನೋಟ

ನಾನು ಬೇರೆ ಒಂದು ಕಡೆಯಿಂದ ಹೇಳಬೇಕು. ನನ್ನ ಕೈ ನಡುಗುತ್ತದೆ. ಹೆದರಿಕೆಗಲ್ಲ, ಯಾವಾಗಲೂ. ಚಮಚ ಹಿಡಿದರೂ ನಡುಗುತ್ತದೆ.

ಈ ಗೇಮ್‌ನಲ್ಲಿ ಆನೆ ನನ್ನನ್ನು ಪ್ರತಿ ಸಲವೂ ಹಿಡಿಯುತ್ತದೆ. ಟೇಬಲ್ ಮೇಲೆ ಇಟ್ಟು ಆಡೋಣವೆಂದರೆ ಟಾರ್ಚ್ ಬೀಳುತ್ತದೆ ಅಂದಿರಿ. ಮೋಸ ಮಾಡುವವರನ್ನು ಹಿಡಿಯಲು ಹಾಕಿದ ಬಲೆಗೆ ಸಿಕ್ಕಿಕೊಳ್ಳುವವರು ನನ್ನಂಥವರು. ಒಬ್ಬನೇ ಆಡುವ ಗೇಮ್‌ನಲ್ಲಿ ಯಾರೋ ಟೇಬಲ್ ಮೇಲಿಟ್ಟು ಪಾರಾದರೆ ಯಾರಿಗೆ ನಷ್ಟ? ಆ ಶಿಕ್ಷೆ ತೆಗೆದುಬಿಡಿ.

ಮೋಷನ್ ಬೇಡ ಅನ್ನುತ್ತಿಲ್ಲ. ನನಗೂ ಆ ಹೆದರಿಕೆ ಅನುಭವಿಸುವ ಆಸೆ ಇದೆ. ಎಲ್ಲರಿಗೂ ಒಂದೇ ಅಳತೆ ಇಡಬೇಡಿ, ಅಷ್ಟೇ. ಗೇಮ್ ಶುರುವಾದಾಗ, ಹುಡುಗಿ ಮನೆಯೊಳಗೆ ತಮ್ಮನ ಪಕ್ಕ ಕೂತಿರುವ ಹೊತ್ತಿನಲ್ಲೇ, ಆಡುವವರ ಕೈ ಸಾಮಾನ್ಯವಾಗಿ ಎಷ್ಟು ಅಲುಗುತ್ತದೆ ಅಂತ ಅಳೆದುಕೊಳ್ಳಿ. ನನ್ನ ಕೈಯ ಮಾಮೂಲಿ ನಡುಕವೇ ನನಗೆ ಸೊನ್ನೆ. ಅದಕ್ಕಿಂತ ಎಷ್ಟು ಜಾಸ್ತಿಯಾಯಿತು ಅನ್ನುವುದನ್ನು ಮಾತ್ರ ಆನೆ ಕೇಳಿಸಿಕೊಳ್ಳಲಿ. ಆಗ ನನಗೂ ನಿಮಗೂ ಆಟ ಒಂದೇ.

ಅಷ್ಟೂ ಆಗದವರಿಗೆ ಮೋಷನ್ ಪೂರ್ತಿ ಆಫ್ ಮಾಡುವ ಬಟನ್ ಇರಲಿ. 2020ರ ದ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಇಂಥ ಸೌಲಭ್ಯದ ಆಯ್ಕೆಗಳು 60ಕ್ಕೂ ಹೆಚ್ಚಿದ್ದವು, ಅಡಗಿ ಸಾಗುವುದನ್ನು ಸುಲಭ ಮಾಡುವ ಆಯ್ಕೆಗಳೂ ಅದರಲ್ಲಿ ಸೇರಿದ್ದವು. ಅದರಿಂದ ಆ ಗೇಮ್‌ನ ಬಿಗು ಯಾರಿಗೂ ಕಡಿಮೆಯಾಗಲಿಲ್ಲ.

---

ತೋಟದ_ದಾರಿ

@ಪುಷ್ಪಗಿರಿ_ನೋಟ ಟಾರ್ಚ್ ಬೀಳುವ ಭಾಗವನ್ನು ಈಗಷ್ಟೇ ಕೋಡ್‌ನಿಂದ ತೆಗೆದೆ. ತಮ್ಮನ ಪಕ್ಕ ಕೂತಾಗ ಅಳೆಯುವುದು ನಮಗೆ ಹೊಳೆದೇ ಇರಲಿಲ್ಲ, ಅದನ್ನು ಮಾಡಿಯೇ ಮಾಡುತ್ತೇವೆ. ಅವಳು ತಮ್ಮನ ಹಣೆಗೆ ಒದ್ದೆ ಬಟ್ಟೆ ಇಡುವ ದೃಶ್ಯ ಹೇಗೂ ಇದೆ, ಆ ಹೊತ್ತಿಗೆ ಫೋನ್ ಕೈಯಲ್ಲೇ ಇರುತ್ತದೆ.

---

ಸೋಮವಾರಪೇಟೆ_ಹುಡುಗ

ಬಸ್ಸಿನಲ್ಲಿ ಆಡುವವರ ಗತಿ? ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಕೈ ಅಲ್ಲ, ಮೈಯೇ ನಿಲ್ಲುವುದಿಲ್ಲ.

---

ಮಂಜಿನೂರು

@ಸೋಮವಾರಪೇಟೆ_ಹುಡುಗ ಅಲುಗಾಟ ಒಂದೇ ಸಮನೆ ತುಂಬಾ ಹೊತ್ತು ಬಂದರೆ ಮೋಷನ್ ತಾನಾಗಿ ಆಫ್ ಆಗಿ, ಬೆರಳಲ್ಲಿ ಒತ್ತಿ ಹಿಡಿಯುವ ಬಟನ್ ಬರಲಿ. ಕಷ್ಟವೇನಲ್ಲ.

ನನಗೆ ಟಾರ್ಚ್ ಬಗ್ಗೆ ಒಂದು ಹೊಳೆಯಿತು. ಜೈರೋ ಇಲ್ಲದ ಫೋನ್‌ಗಳ ಮಾತು ಬಂತಲ್ಲ. ಕರೆ ಮಾಡಿ ಕಿವಿಗಿಟ್ಟಾಗ ಪರದೆ ಆರಿಸುವುದಕ್ಕೆ ಹೆಚ್ಚಿನ ಫೋನ್‌ಗಳಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ ಇರುತ್ತದೆ. ಆನೆ ಹತ್ತಿರ ಬಂದಾಗ ಹುಡುಗಿ ಟಾರ್ಚ್ ಮರೆಮಾಡಬೇಕು. ಆಡುವವರು ಫೋನನ್ನೇ ಎದೆಗೆ ಒತ್ತಿ ಹಿಡಿಯಲಿ. ಪರದೆ ಕಾಣುವುದಿಲ್ಲ, ಆನೆ ಎಲ್ಲಿದೆ ಅಂತ ಇಯರ್‌ಫೋನ್‌ನಲ್ಲಿ ಕೇಳಿಯೇ ತಿಳಿಯಬೇಕು. ಲಕ್ಷ್ಮಣತೀರ್ಥ ಅವರು ಹೇಳಿದ ಕಿವಿ ಬಡಿಯುವ ಸದ್ದು, ಹೊಟ್ಟೆಯ ಗುಡುಗುಡು, ಎಲ್ಲ ಅಲ್ಲಿ ಬರಲಿ. ಎದೆಗೆ ಒತ್ತಿದಾಗ ನಿಮ್ಮ ಉಸಿರು ನೇರವಾಗಿ ಆ್ಯಕ್ಸೆಲರೋಮೀಟರ್‌ಗೆ ಸಿಗುತ್ತದೆ. ಏದುಸಿರು ಬಿಟ್ಟರೆ ಆನೆಗೆ ಗೊತ್ತಾಗುತ್ತದೆ.

ಬೆಲೆಯೂ ಇದೆ ನೋಡಿ. ಬೆಳಕು ಮರೆಯಾಯಿತು, ಜೊತೆಗೆ ನಿಮ್ಮ ಕಣ್ಣೂ ಹೋಯಿತು.

---

ಹಾರಂಗಿ_ದಡ

ಓದುವಾಗಲೇ ಫೋನನ್ನು ಎದೆಗಿಟ್ಟು ನೋಡಿದೆ! ಇದನ್ನು ಬಿಡಬೇಡಿ. ಒಂದು ಎಚ್ಚರಿಕೆ, ಪರದೆ ಬಟ್ಟೆಗೆ ತಾಗಿದರೆ ಟಚ್ ತಪ್ಪು ಓದುತ್ತದೆ. ಎದೆಗಿಟ್ಟ ಕೂಡಲೇ ಟಚ್ ಪೂರ್ತಿ ನಿಲ್ಲಿಸಿ. ವೈಬ್ರೇಷನ್ ಬಳಸುವುದಾದರೆ ಆನೆಯ ಹೆಜ್ಜೆಗೆ ಮಾತ್ರ ಬಳಸಿ, ಆದರೆ ಆ ಅದುರನ್ನೇ ಸೆನ್ಸರ್ ಆಡುವವರ ನಡುಕ ಅಂತ ಓದಬಾರದು. ವೈಬ್ರೇಟ್ ಆಗುವಾಗ ಅಳತೆ ನಿಲ್ಲಲಿ.

---

ಗೋಣಿಕೊಪ್ಪ_ಗೇಮರ್

ಎದೆಗಿಡುವುದನ್ನು ನಾನು ಆಡುತ್ತೇನೆ. ಅದು ಕೈ ಬೀಸುವುದಲ್ಲ. ಆದರೆ ಎಷ್ಟು ಹೊತ್ತು? ಒಂದು ನಿಮಿಷ ಪರದೆ ಕಾಣದೆ ಕೂತರೆ ಜನ ಗೇಮ್ ಮುಚ್ಚುತ್ತಾರೆ. ಹದಿನೈದು ಇಪ್ಪತ್ತು ಸೆಕೆಂಡ್ ಒಳಗೆ ಮು‌ಗಿಸಿ, ಇಡೀ ಗೇಮ್‌ನಲ್ಲಿ ಕೆಲವೇ ಕಡೆ ಇಡಿ. ಅಂಟಿಲ್ ಡಾನ್‌ನಲ್ಲೂ ಆ ಕ್ಷಣಗಳು ಅಪರೂಪಕ್ಕೆ ಬರುತ್ತಿದ್ದವು, ಹಾಗಾಗಿಯೇ ನೆನಪಿನಲ್ಲಿ ಉಳಿದಿವೆ.

---

ಲಕ್ಷ್ಮಣತೀರ್ಥ

ಸದ್ದು ಬೇಕಾದರೆ ಹೇಳಿ. ಮಗಳ ಫೋನಿನಲ್ಲಿ ತೋಟದ ರಾತ್ರಿ ಸದ್ದು ರೆಕಾರ್ಡ್ ಮಾಡಿ ಕಳಿಸುತ್ತೇವೆ, ಮನೆಯ ಒಳಗಿನಿಂದಲೇ. ಜೀರುಂಡೆ, ತಗಡಿನ ಶೀಟಿನ ಮೇಲೆ ಮಳೆ, ಎಲ್ಲ ಸಿಗುತ್ತದೆ. ಆನೆಯ ಸದ್ದು ಮಾತ್ರ ದುಬಾರೆ ಶಿಬಿರದಲ್ಲಿ ಸಾಕಾನೆಗಳ ಹತ್ತಿರ ಕೇಳಿ ಹಿಡಿಯಿರಿ, ಕಾಡಾನೆಯ ಹಿಂದೆ ಹೋಗಬೇಡಿ.

---

ತೋಟದ_ದಾರಿ

ಅಂಕಲ್, ಖಂಡಿತ ಬೇಕು. ಮೆಸೇಜ್ ಮಾಡಿದ್ದೇನೆ. ದುಬಾರೆಗೆ ಅನುಮತಿ ಕೇಳಿಕೊಂಡೇ ಹೋಗುತ್ತೇವೆ, ಮೊದಲ ಪರದೆಯಲ್ಲಿ ನೀವು ಹೇಳಿದ ಎಚ್ಚರಿಕೆಯ ಮಾತು ಹಾಗೇ ಬರುತ್ತದೆ.

ಎದೆಗಿಡುವ ದೃಶ್ಯ ಮತ್ತು ಗಾಳಿಯ ದಿಕ್ಕು, ಇವೆರಡನ್ನು ಮಾತ್ರ ಇಟ್ಟುಕೊಂಡು ಒಂದು ಸಣ್ಣ ಬಿಲ್ಡ್ (ಆಡಿ ನೋಡುವ ಆವೃತ್ತಿ) ಮಾಡುತ್ತೇವೆ. ಟಾರ್ಚ್‌ಗೆ ಸದ್ಯಕ್ಕೆ ಬೆರಳೇ, ಜೈರೋ ಇದ್ದವರಿಗೆ ಸಣ್ಣ ತಿದ್ದುಪಡಿಗೆ ಮಾತ್ರ. ಹಳೆಯ ಆಂಡ್ರಾಯ್ಡ್ ಫೋನ್ ಇರುವವರು, ಅದರಲ್ಲೂ ಜೈರೋ ಇಲ್ಲದ ಫೋನ್ ಇರುವವರು ಪರೀಕ್ಷೆ ಮಾಡಲು ಬೇಕು. ಫೋನ್ ಯಾವುದು, ಕವರ್ ಹಾಕಿದ್ದೀರೋ ಇಲ್ಲವೋ ಅಂತ ಇಲ್ಲೇ ಕೆಳಗೆ ಬರೆಯಿರಿ. ದಪ್ಪ ಫ್ಲಿಪ್ ಕವರ್ ಇದ್ದರೆ ಪ್ರಾಕ್ಸಿಮಿಟಿ ಸೆನ್ಸರ್ ಮೊದಲೇ ಮುಚ್ಚಿಕೊಂಡಿರುತ್ತದೆ. @ಪುಷ್ಪಗಿರಿ_ನೋಟ ನೀವು ಮೊದಲ ಪಟ್ಟಿಯಲ್ಲೇ ಇರಬೇಕು, ಅಳತೆ ಸರಿ ಕೂತಿದೆಯೋ ಇಲ್ಲವೋ ಅಂತ ನಿಮ್ಮ ಕೈಯೇ ಹೇಳಬೇಕು.

---

ಪುಷ್ಪಗಿರಿ_ನೋಟ

ಬಿಲ್ಡ್ ಕಳಿಸಿ. ಫೋನ್ ಹಳೆಯದೇ, ಕವರ್ ಇಲ್ಲ.